ಪಲ್ಪ್‌ಗೆ ಎರಡು ವರ್ಷ ಆಯಸ್ಸು, ಕಾಯಿಗೆ ಒಂದು ವಾರ: ಶ್ರೀನಿವಾಸಪುರದ ತೋತಾಪುರಿ, 2025

ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಜೂನ್ ತಿಂಗಳು ಬಂತೆಂದರೆ ಊರಿಗೆ ಊರೇ ಮಾವಿನ ವಾಸನೆ. ಎಪಿಎಂಸಿ ಮಂಡಿಯಿಂದ ರಸ್ತೆವರೆಗೂ ಟ್ರ್ಯಾಕ್ಟರ್ ಸಾಲು. 2025ರ ಜೂನ್‌ನಲ್ಲೂ ಸಾಲು ಇತ್ತು, ಆದರೆ ಅದು ಮುಂದಕ್ಕೆ ಹೋಗುತ್ತಿರಲಿಲ್ಲ. ನಮ್ಮ ದೊಡ್ಡಪ್ಪ ಟ್ರ್ಯಾಕ್ಟರ್ ನೆರಳಿನಲ್ಲಿ ಟವಲ್ ಹಾಸಿಕೊಂಡು ಕೂತಿದ್ದರು. ಮೇಲೆ ಎರಡು ಟನ್ ತೋತಾಪುರಿ.

"ಏನು ರೇಟು ದೊಡ್ಡಪ್ಪ?" ಅಂತ ಕೇಳಿದೆ.

"ರೇಟು ಇರ್ಲಿ, ಮೊದ್ಲು ತಗೊಳ್ಳೋರು ಇದಾರಾ ಕೇಳು" ಅಂದರು.

ಆ ದಿನಗಳಲ್ಲಿ ಮಂಡಿಯಲ್ಲಿ ತೋತಾಪುರಿಗೆ ಕೆಜಿಗೆ ಮೂರರಿಂದ ಐದು ರೂಪಾಯಿ. ಅಂದರೆ ಟನ್ನಿಗೆ ಮೂರರಿಂದ ಐದು ಸಾವಿರ. ಮರ ಹತ್ತಿ ದೋಟಿಯಲ್ಲಿ ಕೀಳುವವರ ಕೂಲಿ, ಟ್ರ್ಯಾಕ್ಟರ್ ಬಾಡಿಗೆ, ಮಂಡಿ ಕಮಿಷನ್, ತೂಕದಲ್ಲಿ ಹೋಗುವ ಕಡಿತ ಎಲ್ಲ ಕಳೆದರೆ ಕೈಗೆ ಬರುವುದು ಏನೂ ಇಲ್ಲ. ಡಿಸೆಂಬರ್‌ನಿಂದ ಜಿಗಿಹುಳುವಿಗೆ ಒಂದು, ಬೂದಿ ರೋಗಕ್ಕೆ ಒಂದು ಅಂತ ಹೊಡೆದ ಔಷಧಿಯ ಲೆಕ್ಕ ಇನ್ನೂ ಬೇರೆ. ಕೆಲವರು ಕಾಯಿ ಕೀಳದೆ ಮರದಲ್ಲೇ ಬಿಟ್ಟರು. ಕೆಲವರು ತಂದದ್ದನ್ನು ರಸ್ತೆ ಬದಿ ಸುರಿದರು.

ಟಿವಿಯಲ್ಲಿ ಇದನ್ನೆಲ್ಲ ತೋರಿಸಿದರು. ಆಂಧ್ರ ನಮ್ಮ ಮಾವನ್ನು ತಡೆದಿದೆ, ಅದಕ್ಕೇ ಹೀಗಾಯಿತು ಅಂತ ಎಲ್ಲರೂ ಹೇಳಿದರು. ಅದು ಸುಳ್ಳಲ್ಲ. ಆದರೆ ಗಡಿಯಲ್ಲಿ ಲಾರಿ ನಿಲ್ಲುವ ಮೊದಲೇ ದರ ಬಿದ್ದಿತ್ತು. ಅದು ಬಿದ್ದದ್ದು ಅಂಗಡಿಯ ಫ್ರಿಜ್ಜಿನಲ್ಲಿ, ಜ್ಯೂಸ್ ಬಾಟಲಿ ಇಡುವ ಕಡೆ.

ತಿನ್ನುವ ಹಣ್ಣಲ್ಲ, ಕುಡಿಯುವ ಹಣ್ಣು

ತೋತಾಪುರಿ ಗೊತ್ತಿಲ್ಲದವರು ಯಾರಿದ್ದಾರೆ? ಗಿಣಿಯ ಕೊಕ್ಕಿನಂತೆ ತುದಿ ಬಾಗಿರುವ ಉದ್ದನೆಯ ಕಾಯಿ. ಬೆಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಹೂವಿನಂತೆ ಕತ್ತರಿಸಿ ಉಪ್ಪು ಖಾರ ಹಚ್ಚಿ ಕೊಡುತ್ತಾರಲ್ಲ, ಅದೇ. ಆದರೆ ಹಣ್ಣಾದ ಮೇಲೆ ಅದನ್ನು ಮನೆಗೆ ಕೆಜಿಗಟ್ಟಲೆ ತರುವವರು ಕಮ್ಮಿ. ಮನೆಗೆ ಬಾದಾಮಿ ಬೇಕು, ರಸಪುರಿ ಬೇಕು, ಮಲ್ಲಿಕಾ ಬೇಕು. ತೋತಾಪುರಿ ಸಿಪ್ಪೆ ದಪ್ಪ, ರುಚಿಯಲ್ಲಿ ಒಂದು ಹುಳಿ ಎಳೆ ಉಳಿದೇ ಇರುತ್ತದೆ.

ಫ್ಯಾಕ್ಟರಿಗೆ ಮಾತ್ರ ಇದೇ ಬೇಕು. ನಾರು ಕಮ್ಮಿ, ತಿರುಳು ಜಾಸ್ತಿ, ಬಣ್ಣ ಚೆನ್ನಾಗಿದೆ, ಲಾರಿಯಲ್ಲಿ ನೂರು ಕಿಲೋಮೀಟರ್ ಕುಲುಕಿದರೂ ನಜ್ಜುಗುಜ್ಜಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಅಗ್ಗ. ನಮ್ಮ ದೇಶದಲ್ಲಿ ಮಾವಿನ ಜ್ಯೂಸ್ ಅಂತ ಪ್ಯಾಕೆಟ್ಟಿನಲ್ಲಿ, ಬಾಟಲಿಯಲ್ಲಿ ಸಿಗುವುದರಲ್ಲಿ ಬಹುಪಾಲು ತೋತಾಪುರಿಯ ಪಲ್ಪ್, ಅಂದರೆ ಸೋಸಿದ ತಿರುಳು. ಮಾಜಾ 1976ರಲ್ಲಿ ಬಂತು, ಫ್ರೂಟಿ 1985ರಲ್ಲಿ. ಆಮೇಲೆ ಕೋಲಾರ, ಚಿತ್ತೂರು, ಕೃಷ್ಣಗಿರಿ ಸೀಮೆಯಲ್ಲಿ ತೋತಾಪುರಿ ತೋಟಗಳು ಹಬ್ಬಿದ್ದರ ಹಿಂದೆ ಈ ಬಾಟಲಿಗಳ ಪಾಲು ದೊಡ್ಡದು. ದೊಡ್ಡಪ್ಪನ ತೋಟದಲ್ಲಿ ಮೂಲೆಯ ಎರಡು ಸಾಲು ಬೇನೀಷಾ ಬಿಟ್ಟರೆ ಉಳಿದದ್ದೆಲ್ಲ ತೋತಾಪುರಿಯೇ. "ಇದು ಹೆಂಗಾದ್ರೂ ಹೋಗುತ್ತೆ, ಫ್ಯಾಕ್ಟರಿ ಇದೆಯಲ್ಲ" ಅನ್ನುವುದು ಆ ಕಾಲದ ಧೈರ್ಯ.

ಆ ಫ್ಯಾಕ್ಟರಿ ಇರುವುದು ಎಲ್ಲಿ? ಹೆಚ್ಚಿನವು ಗಡಿಯಾಚೆ ಚಿತ್ತೂರಿನಲ್ಲಿ. ಕೆಲವು ತಮಿಳುನಾಡಿನ ಕೃಷ್ಣಗಿರಿಯಲ್ಲಿ. ಶ್ರೀನಿವಾಸಪುರದಲ್ಲೇ ದೊಡ್ಡ ಪಲ್ಪ್ ಫ್ಯಾಕ್ಟರಿ ಆಗಲಿ ಎಂಬ ಬೇಡಿಕೆಗೆ ನನ್ನಷ್ಟು ವಯಸ್ಸಾಗಿದೆ. ಪ್ರತಿ ಚುನಾವಣೆಯಲ್ಲೂ ಅದು ಹೂ ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ.

ಡ್ರಮ್ಮಿನೊಳಗಿನ ಮಾವು

ಫ್ಯಾಕ್ಟರಿಯಲ್ಲಿ ಏನು ನಡೆಯುತ್ತದೆ ಅಂತ ಒಂದು ಸಲ ನೋಡಿದರೆ ಈ ಪ್ರಕರಣದ ಅರ್ಧ ಅಲ್ಲೇ ಅರ್ಥವಾಗುತ್ತದೆ. ಬಂದ ಕಾಯಿಯನ್ನು ಶೆಡ್ಡಿನಲ್ಲಿ ಕೆಲವು ದಿನ ಇಟ್ಟು ಹಣ್ಣು ಮಾಡುತ್ತಾರೆ. ತೊಳೆಯುತ್ತಾರೆ, ಕೊಳೆತದ್ದನ್ನು ಕೈಯಲ್ಲಿ ಆರಿಸಿ ತೆಗೆಯುತ್ತಾರೆ. ಮೆಷಿನ್ ಸಿಪ್ಪೆ, ಓಟೆ ಬೇರೆ ಮಾಡಿ ತಿರುಳನ್ನು ಜರಡಿಯಲ್ಲಿ ಹಾಯಿಸುತ್ತದೆ. ಅದನ್ನು ಬಿಸಿ ಮಾಡಿ, ತಣ್ಣಗಾಗಿಸಿ, ಗಾಳಿ ಸೋಕದಂತೆ ದೊಡ್ಡ ಚೀಲದಲ್ಲಿ ತುಂಬುತ್ತಾರೆ. ಆ ಚೀಲ ಕಬ್ಬಿಣದ ಡ್ರಮ್ಮಿನೊಳಗೆ. ಒಂದು ಡ್ರಮ್ಮಿಗೆ ಇನ್ನೂರು ಕೆಜಿಗೆ ಸ್ವಲ್ಪ ಮೇಲೆ. ಒಂದು ಟನ್ ಹಣ್ಣು ಹಾಕಿದರೆ ಹೆಚ್ಚುಕಮ್ಮಿ ಅರ್ಧ ಟನ್ ಪಲ್ಪ್.

ಈ ಡ್ರಮ್ಮಿಗೆ ಫ್ರಿಜ್ ಬೇಡ. ಗೋಡೌನಿನಲ್ಲಿ ಸುಮ್ನೆ ಇಟ್ಟರೂ ಒಂದೂವರೆ, ಎರಡು ವರ್ಷ ಕೆಡುವುದಿಲ್ಲ. ಅದೇ ಮರದಿಂದ ಕಿತ್ತ ಕಾಯಿ? ಒಂದು ವಾರ. ಬಿಸಿಲು ಜೋರಿದ್ದರೆ ಅದೂ ಇಲ್ಲ.

ಮಾರುವವನಿಗೆ ಒಂದು ವಾರ, ಕೊಳ್ಳುವವನಿಗೆ ಎರಡು ವರ್ಷ. ಚೌಕಾಸಿಯಲ್ಲಿ ಯಾರು ಗೆಲ್ಲುತ್ತಾರೆ ಅಂತ ಹೇಳಬೇಕಿಲ್ಲ ಅಲ್ವಾ?

2024ರಲ್ಲಿ ಬಿಸಿಲಿನ ಹೊಡೆತಕ್ಕೆ ಮಾವಿನ ಫಸಲು ಕಮ್ಮಿಯಾಗಿತ್ತು. ಫ್ಯಾಕ್ಟರಿಗಳು ಪೈಪೋಟಿಯಲ್ಲಿ ಕೊಂಡವು, ರೈತರಿಗೆ ಒಳ್ಳೆ ದರ ಸಿಕ್ಕಿತು. ದೊಡ್ಡಪ್ಪ ಆ ವರ್ಷ ಮನೆಗೆ ಸುಣ್ಣಬಣ್ಣ ಮಾಡಿಸಿದರು. ಆದರೆ ಹಾಗೆ ದುಬಾರಿಗೆ ಕೊಂಡು ಮಾಡಿದ ಪಲ್ಪ್ ಪೂರ್ತಿ ಖಾಲಿಯಾಗಲಿಲ್ಲ. 2025ರಲ್ಲಿ ಮರಗಳು ಜೋತು ಬೀಳುವಂತೆ ಕಾಯಿ ಕಟ್ಟಿದಾಗ ಗೋಡೌನುಗಳಲ್ಲಿ ಹಳೆ ಡ್ರಮ್ಮುಗಳು ಇನ್ನೂ ಇದ್ದವು. ಹಳೇದೇ ಇರುವಾಗ ಹೊಸದಕ್ಕೆ ಯಾರು ದುಡ್ಡು ಹಾಕುತ್ತಾರೆ?

ಪಲ್ಪ್ ಯಾಕೆ ಖಾಲಿಯಾಗಲಿಲ್ಲ

ಒಂದೇ ಕಾರಣ ಹೇಳುವವರನ್ನು ನಾನು ನಂಬುವುದಿಲ್ಲ. ಇಲ್ಲಿ ನಾಲ್ಕೈದು ಒಟ್ಟಿಗೆ ಸೇರಿದವು.

ಹೊರದೇಶದ್ದು ಒಂದು. ನಮ್ಮ ಪಲ್ಪ್‌ಗೆ ಸೌದಿ ಅರೇಬಿಯಾ ದೊಡ್ಡ ಗಿರಾಕಿ, ಯುರೋಪಿಗೂ ಹೋಗುತ್ತದೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದವು. ಬಾಡಿಗೆ ಏರಿತು, ಸರಕು ತಡವಾಯಿತು. ಯೆಮನ್ ಹತ್ತಿರ ಹಾರಿದ ಕ್ಷಿಪಣಿ ಶ್ರೀನಿವಾಸಪುರದ ತೋಟಕ್ಕೆ ಬೀಳುತ್ತದೆ ಅಂತ ಯಾರು ಅಂದುಕೊಂಡಿದ್ದರು?

ಮಳೆ ಇನ್ನೊಂದು. 2025ರ ಮೇ ತಿಂಗಳು ನೆನಪಿದೆಯಾ? ಬೇಸಿಗೆಯೇ ಇರಲಿಲ್ಲ. ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, 2009ರ ನಂತರ ಅಷ್ಟು ಬೇಗ ಬಂದಿರಲಿಲ್ಲ. ತಂಪು ಪಾನೀಯದ ಕಂಪನಿಗಳಿಗೆ ಏಪ್ರಿಲ್‌ನಿಂದ ಜೂನ್ ಅಂದರೆ ಸುಗ್ಗಿ. ಆ ಮೂರು ತಿಂಗಳಲ್ಲಿ ಪೆಪ್ಸಿ ಪಾನೀಯಗಳನ್ನು ತುಂಬಿ ಮಾರುವ ವರುಣ್ ಬೆವರೇಜಸ್‌ನ ಭಾರತದ ಮಾರಾಟವೇ ಹಿಂದಿನ ವರ್ಷಕ್ಕಿಂತ ಸುಮಾರು ಶೇ 7ರಷ್ಟು ಇಳಿಯಿತು. ಅಕಾಲದ ಮಳೆಯೇ ಕಾರಣ ಅಂತ ಕಂಪನಿ ಹೇಳಿತು. ಅದೇ ಮಳೆ ನಮ್ಮ ಕಡೆ ಕಾಯಿಯ ಮೇಲೆ ಕಪ್ಪು ಚುಕ್ಕೆಯನ್ನೂ ತಂದಿತು. ಎರಡು ಕಡೆಯಿಂದ ಏಟು.

ಮೂರನೆಯದು ನಿಧಾನವಾಗಿ ಆಗುತ್ತಿರುವ ಬದಲಾವಣೆ. ಇದಕ್ಕೆ ಪತ್ರಿಕೆಯಲ್ಲಿ ಹೆಡ್‌ಲೈನ್ ಸಿಗುವುದಿಲ್ಲ. ನನ್ನ ಮನೆಯನ್ನೇ ನೋಡಿ. ಹತ್ತು ವರ್ಷದ ಹಿಂದೆ ನೆಂಟರು ಬಂದರೆ ಮಾವಿನ ಜ್ಯೂಸ್ ಬಾಟಲಿ ತೆಗೆಯುತ್ತಿದ್ದೆವು. ಈಗ ಬಂದವರಲ್ಲಿ ಇಬ್ಬರಿಗೆ ಶುಗರ್, ಒಬ್ಬರಿಗೆ ಡಯಟ್, ಮಕ್ಕಳಿಗೆ ಗ್ಯಾಸ್ ಇರುವ ಡ್ರಿಂಕೇ ಬೇಕು. ಜ್ಯೂಸ್ ಅಂದರೆ ಆರೋಗ್ಯ ಅನ್ನುವ ಕಾಲ ಹೋಗಿ, ಜ್ಯೂಸ್ ಅಂದರೆ ಸಕ್ಕರೆ ನೀರು ಅನ್ನುವ ಕಾಲ ಬಂದಿದೆ. 2024ರ ಜೂನ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ, ಸಾಂದ್ರ ರಸಕ್ಕೆ ನೀರು ಸೇರಿಸಿ ಮಾಡಿದ ಜ್ಯೂಸ್‌ಗಳ ಮೇಲೆ 'ಶೇ 100 ಹಣ್ಣಿನ ರಸ' ಅಂತ ಬರೆಯಬೇಡಿ ಎಂದು ಕಂಪನಿಗಳಿಗೆ ಹೇಳಿತು. ಸರಿಯಾದ ಆದೇಶವೇ. ಇಷ್ಟು ದಿನ ಕುಡಿದದ್ದು ಏನು ಅಂತ ಜನ ಯೋಚಿಸುವಂತಾಯಿತು. ಇನ್ನೊಂದು ಕಡೆ, 2023ರಲ್ಲಿ ಹಳೇ ಕೋಲಾ ಬ್ರ್ಯಾಂಡ್ ಕ್ಯಾಂಪಾ ಮತ್ತೆ ಬಂದ ಮೇಲೆ ಹತ್ತು ರೂಪಾಯಿಗೆ ಕೋಲಾ ಸಿಗತೊಡಗಿತು. ಹಳ್ಳಿ ಅಂಗಡಿಯ ಹುಡುಗನ ಕೈಯಲ್ಲಿರುವ ಹತ್ತು ರೂಪಾಯಿಗೆ ಈಗ ಪೈಪೋಟಿ ಜಾಸ್ತಿ.

ಒಂದು ಬಾಟಲಿಯಲ್ಲಿ ಎಷ್ಟು ಮಾವು?

ಇದು ಎಲ್ಲಕ್ಕಿಂತ ಮುಖ್ಯ ಅಂತ ನನಗೆ ಅನ್ನಿಸುತ್ತದೆ. 'ಹಣ್ಣಿನ ಪಾನೀಯ' ಅಂತ ಕರೆಸಿಕೊಳ್ಳಲು ನಮ್ಮ ಕಾನೂನಿನ ಪ್ರಕಾರ ಅದರಲ್ಲಿ ಹಣ್ಣಿನ ರಸ ಕನಿಷ್ಠ ಶೇ 10 ಇದ್ದರೆ ಸಾಕು. ಕೆಲವು ಕಂಪನಿಗಳು ಅದಕ್ಕಿಂತ ಜಾಸ್ತಿ ಹಾಕುತ್ತವೆ. ಲೇಬಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಓದಿ ನೋಡಿ. ಮಾವಿನ ತಿರುಳು ಗಟ್ಟಿ, ನೀರು ಬೆರೆಸದೆ ಕುಡಿಯಲಾಗದು, ಅದು ಒಪ್ಪಿಕೊಳ್ಳುವ ಮಾತೇ. ಆದರೆ ಲೆಕ್ಕ ಹಾಕೋಣ.

600 ಮಿಲಿಯ ಒಂದು ಬಾಟಲಿ. ಶೇ 10 ಅಂದರೆ ಸುಮಾರು 60 ಗ್ರಾಂ ಪಲ್ಪ್. ಅದಕ್ಕೆ ಬೇಕಾದ ಹಣ್ಣು 120 ಗ್ರಾಂ. ಕೆಜಿಗೆ ನಾಲ್ಕು ರೂಪಾಯಿಯಂತೆ ಅದರ ಬೆಲೆ ಐವತ್ತು ಪೈಸೆಗೂ ಒಂದು ಚೂರು ಕಮ್ಮಿ. ಕೆಜಿಗೆ ಹದಿನಾರು ರೂಪಾಯಿ ಕೊಟ್ಟರೂ ಎರಡು ರೂಪಾಯಿ ದಾಟುವುದಿಲ್ಲ. ಅಂದರೆ ರೈತನ ಪಾಲಿಗೆ ಸಾವು ಬದುಕಿನ ವ್ಯತ್ಯಾಸ, ಬಾಟಲಿಯ ಪಾಲಿಗೆ ಒಂದೂವರೆ ರೂಪಾಯಿ. ಬಾಟಲಿಯ ಮುಚ್ಚಳ, ಅದರ ಮೇಲಿನ ಲೇಬಲ್, ಅದನ್ನು ಕುಡಿಯುವ ಸಿನಿಮಾ ನಟಿಯ ಜಾಹೀರಾತು, ಇವಕ್ಕೆ ಎಷ್ಟು ಹೋಗುತ್ತದೋ.

ದೊಡ್ಡಪ್ಪನಿಗೆ ಈ ಲೆಕ್ಕ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮತ್ತೆ ಮಿಕ್ಕಿದ್ದೇನು ಬಾಟ್ಲಿನಲ್ಲಿ?"

ನೀರು, ಸಕ್ಕರೆ, ಬಣ್ಣ, ವಾಸನೆ.

ಇದನ್ನು ಮೇಲಿನವರು ಗಮನಿಸಿಲ್ಲ ಅಂತಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ತುಮಕೂರಿನ ಫುಡ್ ಪಾರ್ಕ್ ಉದ್ಘಾಟನೆಗೆ ಬಂದಾಗ, ಕೋಲಾ ಕಂಪನಿಗಳು ತಮ್ಮ ಪಾನೀಯದಲ್ಲಿ ಶೇ 5ರಷ್ಟಾದರೂ ಹಣ್ಣಿನ ರಸ ಬೆರೆಸಲಿ, ರೈತರಿಗೆ ಮಾರುಕಟ್ಟೆ ಸಿಗುತ್ತದೆ ಎಂದರು. ಒಳ್ಳೆ ಮಾತು. ಗ್ಯಾಸ್ ಜೊತೆ ಹಣ್ಣಿನ ರಸ ಬೆರೆಸಿದ ಪಾನೀಯಗಳು ಮಾರುಕಟ್ಟೆಗೆ ಬಂದವು. ಆದರೆ 2021ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಕೌನ್ಸಿಲ್ ಅಂಥವುಗಳಿಗೆ ಶೇ 28 ತೆರಿಗೆ, ಮೇಲೆ ಶೇ 12 ಸೆಸ್ ಹಾಕಿತು. ರಸ ಇದ್ದರೂ ಒಂದೇ, ಬರೀ ಬಣ್ಣದ ನೀರಾದರೂ ಒಂದೇ. ಹಾಗಿದ್ದ ಮೇಲೆ ಯಾರು ರಸ ಹಾಕುತ್ತಾರೆ? ಮಾವಿನ ಪಲ್ಪ್‌ನ ಮೇಲೂ ಶೇ 12 ತೆರಿಗೆ ಇತ್ತು. ಅದನ್ನೂ, ಗ್ಯಾಸಿಲ್ಲದ ಹಣ್ಣಿನ ಪಾನೀಯಗಳ ತೆರಿಗೆಯನ್ನೂ ಶೇ 5ಕ್ಕೆ ಇಳಿಸಿದ್ದು 2025ರ ಸೆಪ್ಟೆಂಬರ್ 22ರಿಂದ. ಆಗ ನಮ್ಮ ಮರಗಳಲ್ಲಿ ಎಲೆ ಬಿಟ್ಟರೆ ಬೇರೇನೂ ಇರಲಿಲ್ಲ.

ಗಡಿಯಲ್ಲಿ ನಿಂತ ಲಾರಿಗಳು

ಈಗ ಆಂಧ್ರದ ಕಥೆಗೆ ಬರೋಣ. ಚಿತ್ತೂರಿನ ರೈತರ ಪಾಡೂ ನಮ್ಮದೇ. ಅಲ್ಲಿನ ಸರ್ಕಾರ ಒಂದು ದರ ಗೊತ್ತು ಮಾಡಿತು: ಕೆಜಿಗೆ ಹನ್ನೆರಡು ರೂಪಾಯಿ. ಅದರಲ್ಲಿ ಎಂಟು ಫ್ಯಾಕ್ಟರಿಯವರು ಕೊಡಬೇಕು, ನಾಲ್ಕು ಸರ್ಕಾರ ಕೊಡುತ್ತದೆ. ಆದರೆ ಪಕ್ಕದ ಕೋಲಾರದಲ್ಲಿ ಅದೇ ಕಾಯಿ ನಾಲ್ಕೈದು ರೂಪಾಯಿಗೆ ಸಿಗುವಾಗ ಫ್ಯಾಕ್ಟರಿಯವರು ಎಂಟು ಯಾಕೆ ಕೊಡುತ್ತಾರೆ? ಅದಕ್ಕೆ ಜೂನ್ 7ರಂದು ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಬರದಂತೆ ಆದೇಶ ಹೊರಡಿಸಿತು. ಚೆಕ್‌ಪೋಸ್ಟುಗಳಲ್ಲಿ ಪೊಲೀಸ್, ಕಂದಾಯ, ಅರಣ್ಯ, ಮಾರುಕಟ್ಟೆ ಇಲಾಖೆಯವರು ನಿಂತರು.

ನಮ್ಮ ಕಡೆ ಸಿಟ್ಟು ಏರಿತು. ಶ್ರೀನಿವಾಸಪುರ ಬಂದ್ ಆಯಿತು. ಟನ್ನಿಗೆ ಹದಿನೈದು ಸಾವಿರ ಬೆಂಬಲ ಬೆಲೆ ಕೊಡಿ ಅಂತ ಬೆಳೆಗಾರರು ಕೂತರು. ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಇತ್ತ ನಮ್ಮವರು ಆಂಧ್ರವನ್ನು ಬೈಯುತ್ತಿದ್ದರೆ, ಅತ್ತ ಬಂಗಾರುಪಾಳ್ಯಂ ಮಾರುಕಟ್ಟೆಯ ಬಳಿ ಚಿತ್ತೂರಿನ ರೈತರೂ ಹಣ್ಣನ್ನು ರಸ್ತೆಗೆ ಸುರಿಯುತ್ತಿದ್ದರು. ಫ್ಯಾಕ್ಟರಿ ಮುಂದೆ ಅವರ ಟ್ರ್ಯಾಕ್ಟರುಗಳೂ ದಿನಗಟ್ಟಲೆ ಕಾದವು.

ದೊಡ್ಡಪ್ಪನ ಬೀಗರು ಆಂಧ್ರದ ಪಲಮನೇರು ಕಡೆಯವರು. ಶ್ರೀನಿವಾಸಪುರದಲ್ಲಿ ಬಹಳ ಜನ ಮನೆಯಲ್ಲಿ ತೆಲುಗನ್ನೇ ಆಡುವುದು. ಆ ತಿಂಗಳು ಬೀಗರ ಜೊತೆ ಫೋನಿನಲ್ಲಿ ಮಾತು ಶುರುವಾಗುತ್ತಿದ್ದದ್ದು "ನಿಮ್ಮೋರು ಹಿಂಗೆ ಮಾಡಬಹುದಾ" ಅಂತ. ಮುಗಿಯುತ್ತಿದ್ದದ್ದು ಇಬ್ಬರೂ ಒಂದೇ ಫ್ಯಾಕ್ಟರಿಯವನನ್ನು ಬೈಯುವುದರಲ್ಲಿ.

ಕೊನೆಗೆ ಕೇಂದ್ರ ಸರ್ಕಾರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಲ್ಲಿ ಕರ್ನಾಟಕದ 2.5 ಲಕ್ಷ ಟನ್ ತೋತಾಪುರಿಗೆ ದರ ವ್ಯತ್ಯಾಸ ಪಾವತಿಗೆ ಒಪ್ಪಿತು. ಕ್ವಿಂಟಲ್‌ಗೆ 1,616 ರೂಪಾಯಿ ಅಂತ ದರ ಗೊತ್ತಾಯಿತು. ಇದನ್ನು ಕೇಳಿ ಕೆಜಿಗೆ ಹದಿನಾರು ರೂಪಾಯಿ ಕೈಗೆ ಬರುತ್ತದೆ ಅಂತ ಅಂದುಕೊಂಡವರು ಬಹಳ. ಅದು ಹಾಗಲ್ಲ. ಮಾರಿದ ದರಕ್ಕೂ ಈ ದರಕ್ಕೂ ಇರುವ ವ್ಯತ್ಯಾಸವನ್ನು ಕೊಡುತ್ತಾರೆ, ಆದರೆ 1,616ರ ಶೇ 25ಕ್ಕೆ ಮಿತಿ. ಅಂದರೆ ಕೆಜಿಗೆ ನಾಲ್ಕು ರೂಪಾಯಿ, ಕೇಂದ್ರದ್ದು ಅರ್ಧ, ರಾಜ್ಯದ್ದು ಅರ್ಧ. ನಾಲ್ಕಕ್ಕೆ ಮಾರಿದವರಿಗೆ ಒಟ್ಟು ಎಂಟಾಯಿತು. ಇಲ್ಲದ್ದಕ್ಕಿಂತ ವಾಸಿ, ನಿಜ. ಅದೂ ಮಾರಿದವರಿಗೆ. ಮರದಲ್ಲೇ ಬಿಟ್ಟವರಿಗೆ, ರಸ್ತೆಗೆ ಸುರಿದವರಿಗೆ ಬಿಲ್ ಎಲ್ಲಿಂದ ಬರಬೇಕು? ಹೆಸರು ಬರೆಸಲು ಫ್ರೂಟ್ಸ್ ಐಡಿ ಬೇಕು. ರೈತರ ನೋಂದಣಿಯ ಆ ಸಾಫ್ಟ್‌ವೇರಿಗೆ ಫ್ರೂಟ್ಸ್ ಅಂತ ಹೆಸರಿಟ್ಟವರಿಗೆ ಈ ತಮಾಷೆ ಹೊಳೆದಿರಲಿಕ್ಕಿಲ್ಲ: ಫ್ರೂಟ್‌ಗೆ ಬೆಲೆ ಇಲ್ಲ, ಐಡಿಗೆ ಇದೆ.

ಮರಕ್ಕೆ ಏನೂ ಆಗಿಲ್ಲ

ಜ್ಯೂಸ್ ನಂಬಿ ಬೆಳೆದವರ ಕಷ್ಟ ಅಂದಾಗ ಹೊರಗಿನವರು ಅಮೆರಿಕದ ಫ್ಲಾರಿಡಾ ಹೇಳುತ್ತಾರೆ. ಅಲ್ಲಿ 1997-98ರಲ್ಲಿ 24.4 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿದ್ದರು, 2024-25ಕ್ಕೆ ಅದು ಸುಮಾರು 1.2 ಕೋಟಿಗೆ ಬಂದಿದೆ. ಬೆಳಗ್ಗೆ ಎದ್ದು ಕಿತ್ತಳೆ ಜ್ಯೂಸ್ ಕುಡಿಯುವ ಅಭ್ಯಾಸವೂ ಅಲ್ಲಿ ಕಮ್ಮಿಯಾಗಿದೆ. ಆದರೆ ಅಲ್ಲಿ ಮುಖ್ಯವಾಗಿ ಮರಗಳೇ ಸತ್ತವು. 2005ರಲ್ಲಿ ಕಾಣಿಸಿಕೊಂಡ ಗ್ರೀನಿಂಗ್ ರೋಗ, ಮೇಲಿಂದ ಮೇಲೆ ಚಂಡಮಾರುತ. ನಮ್ಮಲ್ಲಿ ಮರ ಗಟ್ಟಿಮುಟ್ಟಾಗಿದೆ. ಕಾಯಿ ಬಿಟ್ಟಿದ್ದೇ ತಪ್ಪಾಯಿತು ಅನ್ನುವಂಥ ಸಂಕಟ ಇದು.

ಹಾಗಾದರೆ ಏನು ಮಾಡಬಹುದು? ಪಾನೀಯದಲ್ಲಿ ಹಣ್ಣಿನ ಪಾಲು ಶೇ 10ರಿಂದ ಮೇಲಕ್ಕೆ ಹೋಗಲಿ ಅಂತ ನಾನು ಹೇಳುತ್ತೇನೆ. ಶೇ 10 ಇರುವ ಕಡೆ ಶೇ 20 ಆದರೆ ಅದೇ ಬಾಟಲಿಗೆ ಎರಡರಷ್ಟು ಹಣ್ಣು ಬೇಕು, ಅಷ್ಟು ಮಟ್ಟಿಗೆ ಸಕ್ಕರೆ ನೀರೂ ಕಮ್ಮಿ. ಕುಡಿಯುವವನಿಗೂ ಅದರಲ್ಲಿ ನಿಜವಾದ ಮಾವು ಸಿಗುತ್ತದೆ. ಶ್ರೀನಿವಾಸಪುರದಲ್ಲಿ ಫ್ಯಾಕ್ಟರಿ ಆಗಬೇಕು ಅನ್ನುವುದನ್ನೂ ಒಪ್ಪುತ್ತೇನೆ, ಆದರೆ ಅರ್ಧ ಮನಸ್ಸಿನಿಂದ. ಚಿತ್ತೂರಿನಲ್ಲಿ ಹತ್ತಾರು ಫ್ಯಾಕ್ಟರಿ ಇದ್ದೂ ಅಲ್ಲಿನ ರೈತ ರಸ್ತೆಗೆ ಸುರಿದಿದ್ದಾನೆ. ಕುಡಿಯುವವರು ಇಲ್ಲದಿದ್ದರೆ ಫ್ಯಾಕ್ಟರಿ ಗೇಟಿನ ಎದುರು ಮನೆ ಇದ್ದರೂ ಅಷ್ಟೇ.

ಊರಲ್ಲಿ ಕೆಲವರು ತೋಟವನ್ನೇ ಕಡಿಸಿದರು. ದೊಡ್ಡಪ್ಪನಿಗೆ ಮನಸ್ಸು ಬರಲಿಲ್ಲ. ಮಳೆಗಾಲದಲ್ಲಿ ಹನ್ನೆರಡು ಮರಗಳ ತಲೆ ಕಡಿಸಿ, ಚಿಗುರು ಬಂದ ಮೇಲೆ ಅದಕ್ಕೆ ಮಲ್ಲಿಕಾ ಕಸಿ ಕಟ್ಟಿಸಿದರು. ಬುಡ ತೋತಾಪುರಿಯದೇ, ತಲೆ ಮಾತ್ರ ಬೇರೆ. ಅದು ಹಣ್ಣು ಕೊಡಲು ಇನ್ನೂ ಮೂರು ವರ್ಷ ಬೇಕು. ಉಳಿದ ಮರಗಳು ಹಾಗೇ ಇವೆ.

ಜನವರಿಯಲ್ಲಿ ಹೋದಾಗ ಆ ಮರಗಳು ಹೂ ಬಿಟ್ಟಿದ್ದವು. ಪ್ರತಿವರ್ಷ ಹೂ ನೋಡಿಯೇ ತೋಟ ಗುತ್ತಿಗೆ ಹಿಡಿದು ಅಡ್ವಾನ್ಸ್ ಕೊಡುವ ವ್ಯಾಪಾರಿ ಬೈಕಿನಲ್ಲಿ ಬಂದಿದ್ದ. ತೋಟದ ತುಂಬ ಒಂದು ಸುತ್ತು ಹಾಕಿದ. ಹೂವನ್ನು ಕೈಯಲ್ಲಿ ತಟ್ಟಿ ಜಿಗಿಹುಳು ಹಾರುತ್ತದಾ ನೋಡಿದ. ಹೂ ಚೆನ್ನಾಗಿದೆ ಅಂದ. ಕಾಫಿ ಕುಡಿದ. ದುಡ್ಡಿನ ಮಾತು ಮಾತ್ರ ಎತ್ತಲಿಲ್ಲ.

ದೊಡ್ಡಪ್ಪನೇ ಕೇಳಿದರು, "ಏನಪ್ಪಾ, ಹೆಂಗೆ ಈ ಸಲ?"

"ಇರಿ ಯಜಮಾನ್ರೇ, ಚಿತ್ತೂರಿಗೆ ಒಂದು ಫೋನ್ ಹಾಕ್ತೀನಿ. ಹೋದ ವರ್ಷದ ಡ್ರಮ್ ಎಷ್ಟು ಖಾಲಿಯಾಗಿದೆ ಅಂತ ಕೇಳ್ಕೊಂಡು ಹೇಳ್ತೀನಿ" ಅಂದು ಬೈಕ್ ಹತ್ತಿದ.